ಫ್ರೇಮ್ ಚೇಂಜ್ ಮಾಡ್ಬಿಡಿ ಸಾರ್

ನಂದಿ ಬೆಟ್ಟ ಹತ್ತುವಾಗ ಮಂಡಿ ಕಟಕಟ ಅನ್ನುತ್ತೆ. ವಯಸ್ಸಾಯ್ತು, ಒಪ್ಪಿದೆ. ಆದರೆ ನನ್ನ 1984ರ ಇಟಾಲಿಯನ್ ರೇಸಿಂಗ್ ಸೈಕಲ್ಲಿನ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೇ 42 ಹಲ್ಲು. ಈಗಿನವಕ್ಕೆ 34. ಮುಂದೆ ಹಲ್ಲು ಕಮ್ಮಿಯಾದಷ್ಟೂ ತುಳಿಯೋದು ಹಗುರ. ಎಂಟು ಹಲ್ಲು ಕೀಳಿಸೋಣ ಅಂತ ಅಂಗಡಿಗೆ ಹೋದೆ.

ಹುಡುಗ ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರೋ ಸಂದಿಗೆ ಸ್ಕೇಲ್ ಹಿಡಿದ. ‘126 ಮಿಲಿಮೀಟರ್ ಸಾರ್. ಈಗ ಬರೋ ಗೇರ್ ಸೆಟ್ಟಿನ ಚಕ್ರಕ್ಕೆ 142 ಬೇಕು. ಫ್ರೇಮ್ ಚೇಂಜ್ ಮಾಡ್ಬಿಡಿ.’

ನೆಗಡಿಗೆ ಮೂಗು ಕೊಯ್ಯೋದು ಹಳೇ ಕಥೆ. ಈಗ ಮೂಗುಬಟ್ಟು ಬೇಕಂದ್ರೆ ತಲೆಯನ್ನೇ ಬದಲಿಸಬೇಕು.

ಸೈಕಲ್ ಕಂಪನಿಗಳ ಜಾಣತನಕ್ಕೆ ಕೈ ಮುಗೀಬೇಕು. 120, 126, 130, 142. ಪ್ರತಿಯೊಂದನ್ನೂ ‘ಸ್ಟ್ಯಾಂಡರ್ಡ್’ ಅಂತಲೇ ಮಾರಿದರು. ಪೆಡಲ್ ಅಚ್ಚಿನ ಬೇರಿಂಗ್ ಕೂರೋ ಬಟ್ಟಲು ನೋಡಿ. ಇಟಲಿಯದ್ದಕ್ಕೆ ವ್ಯಾಸ 36 ಮಿಲಿಮೀಟರ್, ತಿರುಪು ಮಾತ್ರ ಇಂಚಿಗೆ 24! ತುಳಿದಂತೆಲ್ಲ ಬಲಗಡೆ ಬಟ್ಟಲು ಸಡಿಲವಾಗೋದು ಬೋನಸ್. ಇಂಗ್ಲಿಷರು ಆ ಕಡೆ ಉಲ್ಟಾ ತಿರುಪು ಕೊಯ್ದು ಬಚಾವಾದರು. ಫ್ರೆಂಚರದ್ದು ಬೇರೆಯೇ ಅಳತೆ. ಆಮೇಲೆ ತಿರುಪೇ ಬೇಡ, ಬೇರಿಂಗ್ ಒತ್ತಿ ಕೂರಿಸೋಣ ಅಂದರು. ಕಿರ್ ಕಿರ್ ಶುರುವಾಯ್ತು. ಈಗ ಟಿ47 ಅನ್ನೋ ಹೊಸ ಆವಿಷ್ಕಾರ ಬಂದಿದೆ. ಅದೇನು ಗೊತ್ತಾ? ತಿರುಪು.

ಕಂಪನಿಗಳನ್ನೇ ಯಾಕೆ ಬೈಯೋದು, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಕಥೆ ಕೇಳಿ. 1996ರಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಒಂದು ಗಂಟೆಯಲ್ಲಿ 56.375 ಕಿ.ಮೀ. ತುಳಿದ. ಮುಂದೆ ಒಕ್ಕೂಟಕ್ಕೆ ಹಳೇ ಸೈಕಲ್ ಮೇಲೆ ಪ್ರೀತಿ ಉಕ್ಕಿತು. ದಾಖಲೆ ಬೇಕಾದರೆ 1972ರಲ್ಲಿ ದಾಖಲೆಗೆ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ತುಳಿದಂಥದ್ದೇ ಸೈಕಲ್ ಬೇಕು ಅಂತು. ಪಾಪ, ಬೋರ್ಡ್‌ಮನ್ 2000ದಲ್ಲಿ ಮತ್ತೆ ಹತ್ತಿದ. ಮರ್ಕ್ಸ್‌ದು 49.431, ಇವನದು 49.441. ಗಂಟೆಯಿಡೀ ಬೆವರು ಸುರಿಸಿ ಹತ್ತು ಮೀಟರ್ ಮುಂದೆ! 2014ರಲ್ಲಿ ‘ಹೊಸ ಸೈಕಲ್ಲೇ ಆಗಲಿ ಬಿಡಿ’ ಅಂದರು. ಇಟಲಿಯ ಎರೋಯಿಕಾ ಅನ್ನೋ ಹಳೇ ಸೈಕಲ್ ಸವಾರಿಯಲ್ಲಿ ಇನ್ನೊಂದು ಮಡಿ. 1987ರ ಈಚಿನ ರೇಸಿಂಗ್ ಸೈಕಲ್ಲಾದರೆ ಹಳೇ ಕಾಲದ್ದರ ಥರವೇ ಇರಬೇಕು.

ಸಾಕಾಗಿ ಹೋಗಿದೆ ಕಣ್ರೀ. ನಲವತ್ತು ವರ್ಷ ಆದ್ರೂ ಸ್ಟೀಲು ಗಟ್ಟಿಮುಟ್ಟಾಗಿದೆ, ಒಂದು ಬಿರುಕಿಲ್ಲ. ಒಂದು ಹಲ್ಲುಚಕ್ರ ಹೊಂದಲ್ಲ ಅಂತ ಗುಜರಿಗೆ ಹಾಕಬೇಕಾ? ಹೊಸ ಬ್ಯಾಟರಿ ಗೇರ್ ಸೆಟ್ಟಿನ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಮೋಟರ್ ಬೈಕೇ ಬರುತ್ತೆ. ಅದನ್ನೂ ಫೋನಿನ ಥರ ಚಾರ್ಜಿಗೆ ಹಾಕಬೇಕು.

ಭಾನುವಾರ ಫ್ರೇಮನ್ನ ಹಿತ್ತಲಿಗೆ ತಂದೆ. ಹಿಂದಿನ ಕಾಲುಗಳ ನಡುವೆ ಹಲಗೆ ತೂರಿಸಿ, ಉಸಿರು ಬಿಗಿಹಿಡಿದು ಒಂದೊಂದು ಕಡೆ ಎರಡೆರಡು ಮಿಲಿಮೀಟರ್ ಅಗಲಿಸಿದೆ. ದಾರ ಕಟ್ಟಿ ನಡು ಸರಿಯಿದೆಯಾ ನೋಡಿದೆ. 130 ಬಂತು. ಯಾರೋ ಬಿಸಾಕಿದ್ದ ಒಂಬತ್ತು ಗೇರಿನ ಚಕ್ರ ಕೂತಿತು. ಮುಂದೆ ಹಲ್ಲು ಕಮ್ಮಿಯಾಗದಿದ್ದರೇನು, ಹಿಂದೆ ಜಾಸ್ತಿಯಾದರೂ ತುಳಿಯೋದು ಹಗುರವೇ. ಹಿಂದೆ 28 ಹಲ್ಲು, ಮಂಡಿಗೆ ಅಷ್ಟು ಸಾಕು.

ಆರು ಗೇರಿಗೆ ಅಂತ ಮಾಡಿದ್ದ ಹಳೇ ಲಿವರ್ ಮಾತ್ರ ಏನೂ ತಕರಾರು ತೆಗೀಲಿಲ್ಲ. ಅದಕ್ಕೆ ಕ್ಲಿಕ್ಕೂ ಇಲ್ಲ, ಬ್ಯಾಟರಿಯೂ ಇಲ್ಲ. ಬೆರಳಲ್ಲಿ ತಳ್ಳಿದೆ. ಚೈನು ಹತ್ತಿತು.