ಆ ಮಾತು ಸಂತ ಫ್ರಾನ್ಸಿಸರದ್ದಲ್ಲ

"ಸದಾ ಶುಭಸಂದೇಶ ಸಾರಿ, ಬೇಕಾದರೆ ಮಾತ್ರ ಮಾತು ಬಳಸಿ." ಇಟಲಿಯ ಅಸ್ಸಿಸಿ ಊರಿನ ಕ್ರೈಸ್ತ ಸಂತ ಫ್ರಾನ್ಸಿಸರು ಹೀಗೆ ಹೇಳಿದ್ದರು, ಬೀದಿಯಲ್ಲಿ ನಿಂತು ಬೋಧಿಸದೆ ಬರೀ ಒಡನಾಟದಿಂದಲೇ ನಂಬಿಕೆ ಹಂಚಿದರು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಸರಿಯಲ್ಲ.

ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಅವರ ಬರಹಗಳಲ್ಲಾಗಲಿ, ಹತ್ತಿರದ ಕಾಲದ ಜೀವನಚರಿತ್ರೆಗಳಲ್ಲಾಗಲಿ ಈ ವಾಕ್ಯ ಇಲ್ಲ. ಬೋಧನೆಯನ್ನಂತೂ ಅವರು ಜಾಸ್ತಿಯೇ ಮಾಡಿದರು. ಒಂದೇ ದಿನ ನಾಲ್ಕೈದು ಊರು ಸುತ್ತುತ್ತಿದ್ದರು ಎಂದು ಅವರ ಮೊದಲ ಚರಿತ್ರೆಕಾರ ಚೆಲಾನೊದ ಥಾಮಸ್ ಬರೆದಿದ್ದಾರೆ. 1222ರಲ್ಲಿ ಇಟಲಿಯ ಬೊಲೊನ್ಯಾ ನಗರದ ಚೌಕದಲ್ಲಿ ಜನರೆದುರು ಮಾತಾಡಿದ್ದನ್ನು ಕಣ್ಣಾರೆ ಕಂಡವರೊಬ್ಬರು ದಾಖಲಿಸಿದ್ದಾರೆ. 1219ರಲ್ಲಿ, ಯುದ್ಧದ ನಡುವೆಯೇ, ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಎದುರಿಗೂ ಹೋಗಿ ನಿಂತರು. ಸುಮ್ನೆ ಇರುವ ಮನುಷ್ಯ ಅಲ್ಲ, ಅಲ್ವಾ?

ಹಾಗಂತ ಸಂದೇಶ ಪೂರ್ತಿ ಗಾಳಿಮಾತೂ ಅಲ್ಲ. 1221ರಲ್ಲಿ ತಮ್ಮ ಸಂಗಡಿಗ ಸನ್ಯಾಸಿಗಳಿಗೆ ಬರೆದ ನಿಯಮಾವಳಿಯ 17ನೇ ಅಧ್ಯಾಯದಲ್ಲಿ, ಎಲ್ಲರೂ ತಮ್ಮ ನಡತೆಯಿಂದ ಬೋಧಿಸಲಿ ಎಂದಿದ್ದಾರೆ. 16ನೇ ಅಧ್ಯಾಯ ಇನ್ನೂ ಸ್ಪಷ್ಟ. ಮುಸ್ಲಿಮರ ನಡುವೆ ಬಾಳುವವರಿಗೆ ಅಲ್ಲಿ ಎರಡು ದಾರಿ ಕೊಟ್ಟಿದ್ದಾರೆ: ವಾದಕ್ಕಿಳಿಯದೆ ಎಲ್ಲರಿಗೂ ತಗ್ಗಿ ನಡೆಯುವುದು, ದೇವರಿಗೆ ಮೆಚ್ಚುಗೆ ಅನಿಸಿದಾಗ ಬಾಯಿಬಿಟ್ಟು ಸಾರುವುದು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಿ ಎಂದು ಅವರು ಹೇಳಿಲ್ಲ.

ಸಂದೇಶ ನಿಮಗೂ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಆ ಸಾಲು ಇಷ್ಟವಾದರೆ ಅವರ ಹೆಸರು ತೆಗೆದು ಹೇಳಿ, ಅಡ್ಡಿಯಿಲ್ಲ.