ಒಂದೇ ಸೂರಿನ ದಾಯಾದಿಗಳು

ಅಮೆರಿಕದ ಮಿಶಿಗನ್‌ಗೆ ಬಂದ ಹೊಸದರಲ್ಲಿ 'ಕನ್ಸರ್ವೇಟಿವ್' ಅಂದರೆ ನಮ್ಮ ಕಡೆಯ ಮಡಿವಂತರ ಹಾಗೆ ಅಂದುಕೊಂಡಿದ್ದೆ. ಪಕ್ಕದ ಮನೆಯ ಅಜ್ಜನ ಜೊತೆ ಮಾತಾಡುತ್ತಾ ಅದು ಅಷ್ಟು ಸರಳವಲ್ಲ ಅಂತ ತಿಳಿಯಿತು. ಸರ್ಕಾರ ವ್ಯಾಪಾರದ ತಂಟೆಗೆ ಬರಬಾರದು ಅನ್ನುತ್ತಾರೆ ಅವರು. ಅದರ ಬೆನ್ನಿಗೇ ಪೇಟೆ ಬೀದಿಯ ಹಳೇ ಹಾರ್ಡ್‌ವೇರ್ ಅಂಗಡಿ ಮುಚ್ಚಿತಲ್ಲಾ ಅಂತ ಕೊರಗುತ್ತಾರೆ. ಒಂದೊಂದೇ ಮೊಳೆ ಎಣಿಸಿ ಕೊಡುತ್ತಿದ್ದ ಅಂಗಡಿಯಂತೆ. ಊರಾಚೆ ದೊಡ್ಡ ಮಳಿಗೆ ಬಂತು, ಇದು ಹೋಯಿತು. ಮುಚ್ಚಿಸಿದ್ದು ಸರ್ಕಾರವಲ್ಲ, ಮಾರುಕಟ್ಟೆಯೇ ಅಲ್ವಾ?

ಇಲ್ಲಿನ ಬಲಪಂಥದ, ಅಂದರೆ ಈ ಕನ್ಸರ್ವೇಟಿವ್‌ಗಳ, ಹಳೇ ಜಗಳವೂ ಇದೇ: ಸ್ವಾತಂತ್ರ್ಯ ಮೊದಲೋ, ಸಂಪ್ರದಾಯ ಮೊದಲೋ? ಈ ಪಂಥದ ಚಿಂತಕ ರಸೆಲ್ ಕರ್ಕ್ ಇದೇ ಮಿಶಿಗನ್‌ನವರು. ಮೆಕಾಸ್ಟಾ ಅನ್ನೋ ಹಳ್ಳಿಯ ಹಿರಿಯರ ಮನೆಯಲ್ಲಿದ್ದು ಬರೆದವರು. ಊರು, ಧರ್ಮ, ಹಿಂದಿನವರ ಋಣ ಅವರಿಗೆ ಮುಖ್ಯ. ಇನ್ನೊಬ್ಬ ಚಿಂತಕ ಫ್ರಾಂಕ್ ಮೇಯರ್ ಮೊದಲು ಕಮ್ಯುನಿಸ್ಟ್ ಆಗಿದ್ದು ಆಮೇಲೆ ಈ ಕಡೆ ಬಂದವರು. ಅವರಿಗೆ ವ್ಯಕ್ತಿಯ ಸ್ವಾತಂತ್ರ್ಯವೇ ಮೊದಲು. 1955ರಲ್ಲಿ ವಿಲಿಯಂ ಬಕ್ಲಿ 'ನ್ಯಾಷನಲ್ ರಿವ್ಯೂ' ಅನ್ನೋ ಬಲಪಂಥೀಯ ಪತ್ರಿಕೆ ಶುರು ಮಾಡಿ ಇಬ್ಬರಿಂದಲೂ ಬರೆಸಿದರು. ಬರೆಯುತ್ತೇನೆ, ಆದರೆ ಸಂಪಾದಕರ ಪಟ್ಟಿಯಲ್ಲಿ ಮೇಯರ್ ಜೊತೆ ನನ್ನ ಹೆಸರು ಬೇಡ ಅಂದರು ಕರ್ಕ್. ಥೇಟ್ ದಾಯಾದಿಗಳೇ.

ಈ ಎರಡೂ ಬಣಗಳನ್ನು ಒಟ್ಟಿಗೆ ಹಿಡಿದಿಟ್ಟಿದ್ದು ಸೋವಿಯತ್ ಕಮ್ಯುನಿಸಂನ ಭಯ. 1980ರಲ್ಲಿ ರೇಗನ್ ಅಧ್ಯಕ್ಷ ಚುನಾವಣೆ ಗೆದ್ದಾಗಲೂ ಆ ಅಂಟು ಗಟ್ಟಿಯಾಗಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಮರುವರ್ಷವೇ ರಿಪಬ್ಲಿಕನ್ ಪಕ್ಷದ ಪ್ಯಾಟ್ ಬುಕ್ಯಾನನ್ ಮುಕ್ತ ವ್ಯಾಪಾರ, ವಲಸೆ ಎರಡನ್ನೂ ಬೈಯುತ್ತಾ, ತಮ್ಮದೇ ಪಕ್ಷದವರಾದ ದೇಶದ ಅಧ್ಯಕ್ಷ ಬುಷ್ ಎದುರೇ ಪಕ್ಷದ ಅಭ್ಯರ್ಥಿಯಾಗಲು ನಿಂತರು. ಅವರು ಸೋತರು. ಅದೇ ಮಾತು ಹಿಡಿದು 2016ರಲ್ಲಿ ಟ್ರಂಪ್ ಗೆದ್ದರು.

ನನ್ನ ಮನಸ್ಸು ವಾಲುವುದು ಕರ್ಕ್ ಕಡೆಗೇ. ಊರಲ್ಲಿ ಅಪ್ಪ ನೆಟ್ಟ ಹಲಸಿನ ಮರ ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳಲಾರೆ. ಅದೇ ಊರಲ್ಲಿ ಒಂದು ಕೇರಿಯವರು ದೇವಸ್ಥಾನದ ಹೊರಗೇ ನಿಲ್ಲುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಬಸವಣ್ಣನ ನಾಡಿನಿಂದ ಬಂದವನು ಅದನ್ನು ಸಂಪ್ರದಾಯ ಅಂತ ಹೇಗೆ ಕಾಪಾಡಲಿ?

ಇಂದು ಊರು, ಮನೆತನ ಅನ್ನುವವರಲ್ಲಿ ಹಲವರು ವಲಸಿಗರಿಗೆ ಬಾಗಿಲು ಹಾಕಿ ಅನ್ನುತ್ತಾರೆ. ಕೇಳಿದರೆ ಸಂಕಟವಾಗುತ್ತದೆ. ಕರ್ಕ್ ದಂಪತಿ ವಿಯೆಟ್ನಾಂನಿಂದ ಬಂದ ನಿರಾಶ್ರಿತರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡಿದ್ದರು. ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ. ಅಜ್ಜನಿಗೆ ಇದನ್ನು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹಿಮ ಕರಗಲಿ, ಮೆಕಾಸ್ಟಾಗೆ ಹೋಗಿ ಆ ಮನೆ ನೋಡಿಕೊಂಡು ಬರೋಣ ಅಂದರು.