ಕಾಕಾರ ಕೆಮ್ಮು

ಕೆಮ್ಮು ರೋಗದ ಲಕ್ಷಣ ಎನ್ನುತ್ತಾರೆ ವೈದ್ಯರು. ಧಾರವಾಡದ ಹಳೆಯ ಮನೆಗಳಲ್ಲಿ ಅದೊಂದು ಭಾಷೆಯಾಗಿತ್ತು. ತಲೆಬಾಗಿಲಲ್ಲಿ ಅಜ್ಜ ಕೆಮ್ಮಿದರೆ ಪಡಸಾಲೆಯ ಹರಟೆ ನಿಲ್ಲುತ್ತಿತ್ತು, ಸೊಸೆಯಂದಿರ ಸೆರಗು ತಲೆಗೇರುತ್ತಿತ್ತು, ಚಹಾದ ಪಾತ್ರೆ ಒಲೆಗೇರುತ್ತಿತ್ತು. ಇಷ್ಟೆಲ್ಲ ಒಂದೇ ಕೆಮ್ಮಿಗೆ! ಆ ಭಾಷೆಯಲ್ಲಿ ಪಂಡಿತರೆನ್ನಬಹುದಾದವರು ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಪರದೆ ಎಳೆಯುತ್ತಿದ್ದರು. ಎಲ್ಲರಿಗೂ ಅವರು ಕಾಕಾ.

ಹುಡುಗನಾಗಿದ್ದಾಗಲೇ ಗದಗಿನ ಕಡೆಯ ಕಂಪನಿಯೊಂದರಲ್ಲಿ ಹಗ್ಗ ಹಿಡಿದವರು. ಗದಗು ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು. ಅಂಧ ಮಕ್ಕಳ ಆಶ್ರಮ ನಡೆಸಲು ಪಂಚಾಕ್ಷರ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿದ ಊರು. ಗವಾಯಿಗಳು ಲಿಂಗೈಕ್ಯರಾದ 1944ರಲ್ಲಿಯೇ ತಾವು ಹುಟ್ಟಿದ್ದು ಎಂದು ಕಾಕಾ ಹೆಮ್ಮೆಯಿಂದ ಹೇಳುತ್ತಿದ್ದರು. ಶಾಲೆಯ ದಾಖಲೆಯಲ್ಲಿ ಬೇರೆ ವರ್ಷವಿತ್ತು. ನಾವು ಕೆದಕಲಿಲ್ಲ.

ಕಂಪನಿ ನಾಟಕದ ಗುಟ್ಟೆಲ್ಲ ರಸ್ತೆ ಪರದೆಯಲ್ಲಿದೆ, ಅಂದರೆ ಬೀದಿಯ ಚಿತ್ರ ಬರೆದ ಮುಂದಿನ ಪರದೆಯಲ್ಲಿ. ಅದರ ಮುಂದೆ ಹಾಸ್ಯಗಾರ ಹೆಂಡತಿಯೊಡನೆ ಜಗಳವಾಡುತ್ತಿರುವಾಗ, ಹಿಂದೆ ಕಾಡು ಸುರುಳಿ ಸುತ್ತಿಕೊಂಡು ಮೇಲೇರಬೇಕು, ದರ್ಬಾರು ಇಳಿಯಬೇಕು, ಸಿಂಹಾಸನ ಬರಬೇಕು, ರಾಜನ ಮೀಸೆ ಅಂಟಬೇಕು. ಅಷ್ಟಾಗುವ ತನಕ ಜಗಳ ಮುಗಿಯುವಂತಿಲ್ಲ. ಆಯಿತೆಂದು ಮುಂದಿದ್ದವನಿಗೆ ತಿಳಿಯುವುದು ಹೇಗೆ? ಕಾಕಾ ಪರದೆಯ ಮರೆಯಿಂದ ಕೆಮ್ಮುತ್ತಿದ್ದರು. ಒಂದು ಕೆಮ್ಮಿಗೆ, ಜಗಳ ಇನ್ನಷ್ಟು ಎಳೆ ಎಂದರ್ಥ. ಎರಡಕ್ಕೆ, ಮುಗಿಸು. ಇವೆರಡೂ ಅಲ್ಲದ ಮೂರನೆಯದೊಂದಿತ್ತು. ಅದು ಬೀಡಿಯದು, ಅದಕ್ಕೆ ಲೆಕ್ಕವಿರಲಿಲ್ಲ.

ಕಲಾಭವನದಲ್ಲಿ ಒಮ್ಮೆ ಹಾಸ್ಯಗಾರ ನಾನೇ. ಬೀಡಿಯ ಕೆಮ್ಮನ್ನೇ ಅಪ್ಪಣೆಯೆಂದು ತಿಳಿದು, ಹೆಂಡತಿಯನ್ನು ಅರ್ಧ ಬೈಗುಳದಲ್ಲಿ ಬಿಟ್ಟು ಒಳಗೋಡಿದೆ. ಸಿಂಹಾಸನಕ್ಕೆ ಇನ್ನೂ ಮೂರೇ ಕಾಲು. ಪರದೆ ಏಳಲಿಲ್ಲ. ಆಕೆ ಒಬ್ಬಳೇ ನಿಂತು, ಓಡಿಹೋದ ಗಂಡನನ್ನು ನಾಲ್ಕು ನಿಮಿಷ ಬೈದಳು. ಅಂದು ಆಕೆಗೆ ಬಿದ್ದ ಚಪ್ಪಾಳೆ ನನ್ನ ಯಾವ ಪಾತ್ರಕ್ಕೂ ಬಿದ್ದಿಲ್ಲ. ಕಾಕಾ ನನಗೆ ಏನೂ ಅನ್ನಲಿಲ್ಲ. ಬೀಡಿ ಬಿಟ್ಟರು, ನಾಟಕವಿದ್ದ ದಿನ ಮಾತ್ರ.

ಸೃಜನಾ ರಂಗಮಂದಿರದಲ್ಲಿ ಒಂದು ಸಲ ಅವರನ್ನು ಬಲವಂತವಾಗಿ ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿದೆವು. ನಾಯಕಿ ಸಾಯುವಾಗ ಅಕ್ಕಪಕ್ಕದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಹೇಗಿತ್ತು ಎಂದು ಕೇಳಿದರೆ, ಎಡಗಡೆಯ ರಾಟೆಗೆ ಎಣ್ಣೆ ಬೇಕು ಎಂದರು. ಅದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಪತ್ರಿಕೆಯಲ್ಲಿಯೂ ಓದಿಲ್ಲ.

ತಂಡದವರ ಮದುವೆಗಳಲ್ಲಿ ಅಂತರಪಟದ ಒಂದು ತುದಿ ಕಾಕಾರಿಗೇ ಮೀಸಲು. ಮಂಗಳಾಷ್ಟಕದ ಕೊನೆಯ ‘ಸಾವಧಾನ’ ಭಟ್ಟರ ಬಾಯಿಂದ ಹೊರಬೀಳುವುದಕ್ಕೂ ಪಟ ಸರಿಯುವುದಕ್ಕೂ ನಡುವೆ ಅಕ್ಕಿಕಾಳು ತೂರುವಷ್ಟೂ ಸಂದು ಇರುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಹಿಡಿದವರೂ ಅವರೇ. ಪಟ ಸರಿದಾಗ ನಾನು ಹೆಂಡತಿಯ ಮುಖ ನೋಡುವ ಬದಲು ಕಾಕಾರ ಮುಖ ನೋಡಿದೆನೆಂದು ಮನೆಯಲ್ಲಿ ಇಂದಿಗೂ ದೂರಿದೆ.

ಕಳೆದ ಮಳೆಗಾಲದಲ್ಲಿ ಕಾಕಾ ಹೋದರು.

ಮೊನ್ನೆ ಹುಬ್ಬಳ್ಳಿಯಲ್ಲಿ ಗೆಳೆಯನ ಮಗನ ಮದುವೆ. ಅಂತರಪಟ ಹಿಡಿದ ಹುಡುಗನ ಕಣ್ಣು ಇನ್ನೊಂದು ಕೈಯ ಮೊಬೈಲಿನ ಮೇಲಿತ್ತು. ‘ಸಾವಧಾನ’ ಮುಗಿಯಿತು, ಅಕ್ಷತೆ ಬಿತ್ತು, ವಾಲಗ ಏರಿತು. ಪಟ ಮಾತ್ರ ಅಲ್ಲಿಯೇ. ವರ ಹಿಮ್ಮಡಿಯೆತ್ತಿ ಆಚೆ ಇಣುಕತೊಡಗಿದ.

ನಾನು ಹುಡುಗನ ಬೆನ್ನ ಹಿಂದೆ ಹೋಗಿ ನಿಂತು ಎರಡು ಸಲ ಕೆಮ್ಮಿದೆ.